ಡೈವಿಂಗ್ ಸ್ಕೂಟರ್ ಬ್ಯಾಟರಿ ಕಚ್ಚಿಕೊಂಡಿದೆಯಾ?

ನೀರೊಳಗೆ ಓಡೋ ಸ್ಕೂಟರ್.
ಎಷ್ಟು ಎಳೆದ್ರೂ ಬ್ಯಾಟರಿ ಬರ್ತಿಲ್ಲ. ಯಾಕೆ?

ನಮ್ಮ ಸಂತೆಮರಹಳ್ಳಿ ಸುತ್ತ ಸಮುದ್ರ ಇಲ್ಲ, ನಿಜ.
ಆದ್ರೆ ಮುರುಡೇಶ್ವರಕ್ಕೆ ಹೋಗಿ
ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡೋರು ಕೇಳಿ.

ಬಿಸಿ ಸಾರಿನ ಡಬ್ಬಿ ಆರಿದ್ಮೇಲೆ
ಮುಚ್ಚಳ ಕಚ್ಚಿಕೊಳ್ಳುತ್ತಲ್ಲ?
ಇಲ್ಲೂ ಅದೇ.
ಒಳಗಿನ ಗಾಳಿ ತಣ್ಣಗಾಗಿ ಒತ್ತಡ ಇಳಿಯುತ್ತೆ.
ಹೊರಗಿನ ಗಾಳಿ ಒತ್ತಿ ಹಿಡಿಯುತ್ತೆ.
ಜೊತೆಗೆ ಒಣಗಿದ ಉಪ್ಪು ಬೇರೆ!

ಮೊದಲು ಸ್ವಿಚ್ ಆಫ್ ಮಾಡಿ.
ಸಿಹಿನೀರಲ್ಲಿ ತೊಳೆದು, ಪೂರ್ತಿ ಒರೆಸಿ.
ನೆರಳಲ್ಲಿಟ್ಟು ಸ್ವಲ್ಪ ಕಾಯಿರಿ.
ಗಾಳಿ ಬಿಡೋ ವಾಲ್ವ್ ಇದ್ರೆ ತೆರೆಯಿರಿ.
ಆಮೇಲೆ ಮೆಲ್ಲಗೆ ಅಲುಗಾಡಿಸಿ,
ನೇರವಾಗಿ ಎಳೆಯಿರಿ.

ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ!
ಲಿಥಿಯಂ ಬ್ಯಾಟರಿಗೆ ತೂತು ಬಿದ್ರೆ
ಬೆಂಕಿ ಹೊತ್ತಿಕೊಳ್ಳಬಹುದು.
ಊದಿಕೊಂಡಿದೆಯಾ? ಬಿಸಿಯಾಗಿದೆಯಾ?
ಮುಟ್ಟದೆ, ಸರ್ವೀಸ್‌ನವರಿಗೆ ಫೋನ್ ಮಾಡಿ.

ಪ್ರತಿ ಡೈವ್ ಆದ್ಮೇಲೆ ಉಪ್ಪು ತೊಳೆಯಿರಿ,
ನೀರು ತಡೆಯೋ ರಬ್ಬರ್ ರಿಂಗ್‌ಗೆ ಸಿಲಿಕೋನ್ ಗ್ರೀಸ್ ಸವರಿ.