ಮಿತವ್ಯಯದ ಸೊಗಸು
(ಮದುವೆಯ ಜವಳಿಯನ್ನು ಕುರಿತು ಕೆಲವು ಮಾತುಗಳು)

ಲಗ್ನ ನಿಶ್ಚಯವಾದ ಮನೆಗಳಲ್ಲಿ ಜವಳಿಯ ವಿಚಾರವು ಈಗ ಮಿಕ್ಕೆಲ್ಲ ವಿಚಾರಗಳಿಗಿಂತಲೂ ಹೆಚ್ಚು ಕಾಲವನ್ನೂ ಹೆಚ್ಚು ಹಣವನ್ನೂ ನುಂಗುತ್ತಿರುವುದು. ಎಷ್ಟೋ ವೇಳೆ ಮನೆಯವರ ನೆಮ್ಮದಿಯನ್ನೂ ನುಂಗುವುದು. ಧಾರೆಗೊಂದು ಸೀರೆ, ಆರತಕ್ಷತೆಗೊಂದು, ಬೀಗರ ಔತಣಕ್ಕೊಂದು ಎಂಬಲ್ಲಿಗೆ ಹಿಂದೆ ಪಟ್ಟಿ ಮುಗಿಯುತ್ತಿತ್ತು. ಈಗ ಅರಿಸಿನದ ಶಾಸ್ತ್ರಕ್ಕೂ ಮೆಹಂದಿಗೂ ಬೇರೆ ಬೇರೆ ಉಡುಪುಗಳು ಬೇಕಾಗಿವೆ; ಮದುವೆಗೆ ಮುಂಚಿನ ಛಾಯಾಚಿತ್ರಗಳಿಗೂ ಬೇಕಾಗಿವೆ. ಮಗಳು ದೂರವಾಣಿಯ ಪರದೆಯಲ್ಲಿ ಚಿತ್ರನಟಿಯೊಬ್ಬಳ ಸೀರೆಯನ್ನು ತೋರಿಸುತ್ತಾಳೆ. ತಂದೆ ಅದನ್ನು ನೋಡಿ, ಚೆನ್ನಾಗಿದೆಯಮ್ಮಾ ಎಂದು ಹೇಳಿ, ಹಜಾರಕ್ಕೆ ಹೋಗಿ ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಾನೆ. ತಾಯಿಗೆ ಇಬ್ಬರ ಮನಸ್ಸೂ ತಿಳಿಯುವುದು; ಅವಳು ಯಾರಿಗೂ ಏನೂ ಹೇಳಲಾರಳು. ಮಗಳು ಆಶಿಸಿದುದು ತಪ್ಪಲ್ಲ. ತಂದೆಯ ಕೈ ಹಿಂಜರಿದುದೂ ತಪ್ಪಲ್ಲ. ಆದರೆ ಚೀಟಿಯನ್ನು ನಷ್ಟಕ್ಕೆ ಕೂಗಿಯೋ, ಹೆಂಡತಿಯ ಬಳೆಗಳನ್ನು ಅಡವಿಟ್ಟೋ ಒಂದು ದಿನದ ಉಡುಪನ್ನು ಕೊಂಡು, ಎರಡು ಮೂರು ವರ್ಷ ಬಡ್ಡಿ ಕಟ್ಟಿದ ಸಂಸಾರಗಳನ್ನು ನಾವು ಬಲ್ಲೆವು. ಅದಕ್ಕೋಸ್ಕರ ಈ ಲೇಖನವನ್ನು ಬರೆಯಬೇಕಾಯಿತು.

ಅಲಂಕಾರದ ಆಸೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದು ಇಂದಿನ ಕಾಲದ ಹುಚ್ಚೆಂದು ಹೇಳುವ ಹಿರಿಯರು ಪೂರ್ವಗ್ರಂಥಗಳನ್ನು ಮರೆತಿರುತ್ತಾರೆ. ಏಳನೆಯ ಶತಮಾನದ ಬಾಣಭಟ್ಟನು ಹರ್ಷಚರಿತದಲ್ಲಿ ರಾಜ್ಯಶ್ರೀಯ ವಿವಾಹವನ್ನು ವರ್ಣಿಸುವಾಗ, ಅರಮನೆಯಲ್ಲಿ ರಾಶಿಬಿದ್ದ ವಸ್ತ್ರಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ವಸ್ತ್ರೋಪಭೋಗಕ್ಕೆ ಪ್ರತ್ಯೇಕವಾಗಿ ಸ್ಥಳವನ್ನು ಕೊಟ್ಟಿರುವನು. ಆದರೆ ಒಂದು ಮಾತು ಗಮನಿಸತಕ್ಕದ್ದಾಗಿದೆ. ಬಾಣನ ಪಟ್ಟಿಯಲ್ಲಿ ದುಕೂಲ ಅಂಶುಕಗಳ ಪಕ್ಕದಲ್ಲಿಯೇ ಬಾದರವೂ ಇರುವುದು. ಬಾದರವೆಂದರೆ ಹತ್ತಿಯ ಬಟ್ಟೆ! ರಾಜಪುತ್ರಿಯ ಮದುವೆಗೆ ನಾಚಿಕೆಯಿಲ್ಲದೆ ಬಂದ ಹತ್ತಿಯು ನಮ್ಮ ಮದುವೆಯ ಮನೆಗಳಿಗೆ ಬರಲು ನಾಚಬೇಕಾದ ಕಾರಣ ನಮಗೆ ಕಾಣದು.

ಹೆಸರಾಂತ ಡಿಸೈನರುಗಳ ಉಡುಪಿಗೆ ಲಕ್ಷಗಟ್ಟಲೆ ಕ್ರಯವೇಕೆ? ಅದರಲ್ಲಿ ಒಂದು ಭಾಗ ನ್ಯಾಯವಾದುದು. ಜರ್ದೋಸಿಯಂಥ ಕೈಕಸೂತಿಗೆ ಹಲವರು ಕುಶಲಿಗಳು ವಾರಗಟ್ಟಲೆ ಬಾಗಿ ಕುಳಿತು ದುಡಿಯಬೇಕು. ಉಳಿದ ಭಾಗವು ಹೆಸರಿಗೆ, ಅಂಗಡಿಯ ವೈಭವಕ್ಕೆ, ಪ್ರಚಾರಕ್ಕೆ ಸಲ್ಲುವುದು. ಆ ಮಾದರಿಯು ಪ್ರಸಿದ್ಧರೊಬ್ಬರ ಮದುವೆಯಲ್ಲಿ ಕಾಣಿಸಿಕೊಂಡ ಕೆಲವೇ ವಾರಗಳಲ್ಲಿ ಸೂರತ್ತಿನ ಯಂತ್ರಮಗ್ಗಗಳಿಂದ ಅದರ ನಕಲುಗಳು ಹೊರಟು ನಮ್ಮ ಪೇಟೆಬೀದಿಯನ್ನು ಸೇರುವುವು. ಅಗ್ಗದ ಪರ್ಯಾಯವೆಂದರೆ ಈ ನಕಲೆಂದು ಅನೇಕರು ಭಾವಿಸುತ್ತಾರೆ. ನಮಗೆ ಅದು ಸಮ್ಮತವಲ್ಲ. ಅಮರಸಿಂಹನು ವಸ್ತ್ರಗಳನ್ನು ನಾಲ್ಕು ಮೂಲಗಳಿಂದ ವಿಂಗಡಿಸಿದನು: ತೊಗಟೆಯ ನಾರಿನಿಂದ ಬಂದುದು, ಕಾಯಿಯಿಂದ ಬಂದುದು, ಹುಳುವಿನ ಗೂಡಿನಿಂದ ಬಂದುದು, ಮೃಗದ ರೋಮದಿಂದ ಬಂದುದು. ಪಾಲಿಯೆಸ್ಟರಿಗೆ ಆ ನಾಲ್ಕರಲ್ಲಿಯೂ ಸ್ಥಳವಿಲ್ಲ. ಅದು ಕಲ್ಲೆಣ್ಣೆಯ ಮಗು. ಬೆವರನ್ನು ಹೀರದು. ವೈಶಾಖದ ಬಿಸಿಲಿನಲ್ಲಿ, ಹೋಮದ ಹೊಗೆಯ ಮುಂದೆ, ಮೂರು ಗಂಟೆ ಅದನ್ನುಟ್ಟು ಕುಳಿತ ವಧುವಿನ ಪಾಡು ಹೇಳತೀರದು. ಇಷ್ಟರ ಮೇಲೆ ಕಿಡಿ ತಗುಲಿದರೆ ಅದು ಕರಗಿ ಮೈಗೆ ಅಂಟಿಕೊಳ್ಳುವುದು. ಅಡಿಗೆಯ ಮನೆಯಲ್ಲಿಯೂ ಅಗ್ನಿಸಾಕ್ಷಿಯಾಗಿ ನಡೆಯುವ ಕರ್ಮಗಳಲ್ಲಿಯೂ ಇದು ಸಣ್ಣ ಮಾತಲ್ಲ.

ಗೃಹಸ್ಥರು ಬೇರೊಂದು ಲೆಕ್ಕವನ್ನು ಮಾಡಿ ನೋಡಬೇಕು. ೨೦,೦೦೦ ರೂಪಾಯಿಯ ಉಡುಪೊಂದನ್ನು ಆಯುಷ್ಯದಲ್ಲಿ ನಾಲ್ಕು ಸಲ ಉಟ್ಟರೆ ಸಲವೊಂದಕ್ಕೆ ೫,೦೦೦ ಬೀಳುವುದು. ೩,೦೦೦ ರೂಪಾಯಿಯ ಸೀರೆಯನ್ನು ಅರುವತ್ತು ಸಲ ಉಟ್ಟರೆ ಸಲವೊಂದಕ್ಕೆ ಬೀಳುವುದು ೫೦ ಮಾತ್ರ. ಮೂರನೆಯ ತರಗತಿಯ ಬಾಲಕನೂ ಮಾಡಬಲ್ಲ ಈ ಭಾಗಾಕಾರವನ್ನು ಅಂಗಡಿಯ ದೀಪದ ಬೆಳಕಿನಲ್ಲಿ ದೊಡ್ಡವರು ಮರೆಯುತ್ತಾರೆ. ನಕಲಿನ ಸೀರೆ ೮೦೦ ರೂಪಾಯಿಗೆ ಸಿಕ್ಕಿ ಎರಡು ಸಲಕ್ಕೆ ಮೂಲೆಗೆ ಬಿದ್ದರೆ, ಅದೂ ಅಗ್ಗವಲ್ಲ.

ಇನ್ನು ನಾವು ಸೂಚಿಸುವ ಪರ್ಯಾಯಗಳು ಯಾವುವೆಂದರೆ, ಮೊದಲನೆಯದಾಗಿ ಇಳಕಲ್ಲಿನ ಸೀರೆ. ಬಾಗಲಕೋಟೆ ಜಿಲ್ಲೆಯ ಆ ಊರಿನ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಆದರೆ ಅದರ ನೇಯ್ಗೆಯ ಮರ್ಮವನ್ನು ತಿಳಿದವರು ಕಡಮೆ. ಸೀರೆಯ ಮೈಗೊಂದು ಹಾಸು, ಸೆರಗಿಗೆ ಬೇರೊಂದು ಹಾಸು. ಎರಡನ್ನೂ ಎಳೆಗೆ ಎಳೆ ಕುಣಿಕೆಯಾಗಿ ಸೇರಿಸಿ ನೇಯುತ್ತಾರೆ. ಈ ಜೋಡಣೆಯಿರುವುದರಿಂದ ಒಂದೊಂದು ಸೀರೆಗೂ ಹಾಸನ್ನು ಬೇರೆಬೇರೆಯಾಗಿಯೇ ಸಿದ್ಧಪಡಿಸಬೇಕಾಗುವುದು. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳು ಶಿಖರಗಳಂತೆ ಎದ್ದು ನಿಲ್ಲುವುವು. ದಡಿಗಳಲ್ಲಿ ಚಿಕ್ಕಿ ಪರಾಸು, ಗೋಮಿ, ಗಾಡಿ ಎಂಬ ಭೇದಗಳುಂಟು. ಮೈ ಹತ್ತಿಯದಾಗಿ ಸೆರಗು ಕೃತಕ ರೇಷ್ಮೆಯದಾದರೆ ಕ್ರಯ ಕಡಮೆ. ಮೈಯೂ ಸೆರಗೂ ಅಪ್ಪಟ ರೇಷ್ಮೆಯಾದರೆ ಹಲವು ಪಟ್ಟು ಹೆಚ್ಚು. ನಡುವೆ ಹತ್ತಿ ರೇಷ್ಮೆ ಬೆರೆತುದೂ ಉಂಟು. ಒಂದೇ ರೂಪವು ಮೂರು ಬಗೆಯ ಕ್ರಯಗಳಲ್ಲಿ ದೊರೆಯುವುದೇ ಇದರ ವಿಶೇಷ. ದೂರದಿಂದ ನೋಡುವ ಬೀಗರಿಗೆ ಭೇದ ತಿಳಿಯದು. ಆದರೆ ಯಂತ್ರಮಗ್ಗದ ನಕಲಿನ ವಿಷಯದಲ್ಲಿ ಎಚ್ಚರಿಕೆಯಿರಲಿ. ಮೈಯೂ ಸೆರಗೂ ಕೂಡುವ ಸ್ಥಳವನ್ನು ಹಿಂದಕ್ಕೆ ತಿರುಗಿಸಿ ಬೆರಳಾಡಿಸಿದರೆ, ಅಸಲಿನಲ್ಲಿ ಕುಣಿಕೆಗಳ ಸಾಲು ಸಣ್ಣ ಏಣಿನಂತೆ ತಗಲುವುದು. ಅದಿಲ್ಲದೆ ಮೈಯ ಹಾಸೇ ಸೆರಗಿನವರೆಗೂ ಹರಿದಿದ್ದರೆ ಅದು ಆ ಜೋಡಣೆಯ ಸೀರೆಯಲ್ಲ.

ನಮಗೆ ಪರಿಚಿತವಾದ ಕುಟುಂಬವೊಂದರಲ್ಲಿ ಕೆಲವು ವರ್ಷಗಳ ಹಿಂದೆ ನಡೆದುದನ್ನು ಇಲ್ಲಿ ಹೇಳಬಹುದು. ಹುಡುಗಿಯು ವಿದ್ಯಾವತಿ, ಸಂಪಾದನೆಯುಳ್ಳವಳು. ಆರತಕ್ಷತೆಗೆ ದೊಡ್ಡ ಊರಿನ ಬೊಟಿಕ್ಕಿನಲ್ಲಿ ಲೆಹೆಂಗಾ ಒಂದನ್ನು ಆಕೆಯೇ ನೋಡಿಟ್ಟಿದ್ದಳು. ತಂದೆಯು ಭವಿಷ್ಯನಿಧಿಯಿಂದ ಹಣ ತೆಗೆಯಲು ಅರ್ಜಿ ಬರೆದುದು ಆಕೆಯ ಕಣ್ಣಿಗೆ ಬಿತ್ತು. “ಸೀರೆ ನನ್ನದು, ಸಾಲ ಅಪ್ಪನದು ಆಗುವುದು ಬೇಡ” ಎಂದು ಆಕೆ ತಾಯಿಗೆ ಹೇಳಿದಳಂತೆ. ಧಾರೆಗೆ ಅಜ್ಜಿಯ ಸೀರೆ, ಆರತಕ್ಷತೆಗೆ ಕಸೂತಿ ಹಾಕಿಸಿದ ಇಳಕಲ್ ರೇಷ್ಮೆ, ಮಿಕ್ಕವಕ್ಕೆ ಹತ್ತಿ. ಬೀಗರ ಕಡೆಯ ಹಿರಿಯಾಕೆಯೊಬ್ಬರು ಏನೋ ಗೊಣಗಿದುದೂ ನಿಜ. ಹುಡುಗಿಯ ತಾಯಿಗೆ ಅದು ಈಗಲೂ ನೋಯುವುದು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಿತವ್ಯಯಕ್ಕೆ ಇಂಥ ಸುಂಕವೊಂದುಂಟು. ಆದರೆ ತಂದೆಯ ಅರ್ಜಿಯು ಹರಿದುಹೋಯಿತು, ನಿವೃತ್ತಿಯ ಹಣ ಹಾಗೆಯೇ ಉಳಿಯಿತು.

ರವಿಕೆಯ ವಿಚಾರ ಸೀರೆಗಿಂತಲೂ ವಿಷಮವಾಗಿದೆ. ಮಣಿ, ಮುತ್ತು, ಜರಿಗಳಿಂದ ತುಂಬಿದ ಆರಿ ಕೆಲಸದ ರವಿಕೆಗೆ ಸೀರೆಗಿಂತ ಹೆಚ್ಚು ಕೂಲಿ ತೆತ್ತವರುಂಟು. ಮೈ ಸ್ವಲ್ಪ ತುಂಬಿದರೆ ಅದು ನಿರುಪಯುಕ್ತ, ಒಗೆಯುವಂತೆಯೂ ಇಲ್ಲ. ಅದಕ್ಕೆ ಬದಲಾಗಿ ಗುಳೇದಗುಡ್ಡದ ಖಣವನ್ನು ನೋಡಿರಿ. ಉಡಿ ತುಂಬುವಾಗ ಮುತ್ತೈದೆಯರಿಗೆ ತ್ರಿಕೋನವಾಗಿ ಮಡಿಸಿ ಕೊಡುವ ಆ ಬಟ್ಟೆಯೇ. ತೇರು, ಆನೆಹೆಜ್ಜೆ, ಸೂರ್ಯನಾರಾಯಣ, ಸಿದ್ಧೇಶ್ವರ ಮುಕುಟ ಮೊದಲಾದ ಸಣ್ಣ ಸಣ್ಣ ಆಕೃತಿಗಳು ನೇಯ್ಗೆಯಲ್ಲಿಯೇ ಮೂಡಿರುವುದರಿಂದ ಮೇಲೆ ಅಂಟಿಸುವ ಅಲಂಕಾರ ಬೇಕಿಲ್ಲ. ಒಂದು ತೊಡಕುಂಟು: ಖಣದ ಅಗಲ ಸುಮಾರು ೩೧ ಅಂಗುಲ ಮಾತ್ರ. ಉದ್ದನೆಯ ತೋಳಿನ ಮಾದರಿಗೆ ಒಂದು ಖಣ ಸಾಲದೆ ಹೋಗಬಹುದು. ಕೊಳ್ಳುವ ಮುಂಚೆ ದರ್ಜಿಯನ್ನು ಕೇಳತಕ್ಕದ್ದು. ದಡಿಯು ತೋಳಿನ ಅಂಚಿಗೆ ಬರುವಂತೆ ಕತ್ತರಿಸಲು ಮೊದಲೇ ಹೇಳತಕ್ಕದ್ದು. ಗುಳೇದಗುಡ್ಡದ ಖಣಕ್ಕೂ ಇಳಕಲ್ಲಿನ ಸೀರೆಗೂ ಭೌಗೋಳಿಕ ಸೂಚಕವೆಂಬ ಸರ್ಕಾರದ ಮಾನ್ಯತೆ ದೊರೆತಿದೆ.

ಕಸೂತಿಯನ್ನು ಬಲ್ಲವರು ಮನೆಯಲ್ಲಿದ್ದರೆ ಅದಕ್ಕಿಂತ ಭಾಗ್ಯವಿಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ ಎಂದು ಹೊಲಿಗೆ ನಾಲ್ಕು ತೆರ. ಎಳೆಯನ್ನು ಎಣಿಸಿ ಹಾಕಬೇಕು, ಗಂಟು ಹಾಕುವಂತಿಲ್ಲ. ಗವಂತಿ ಮುರ್ಗಿಗಳಲ್ಲಿ ಹಿಂದೆ ಮುಂದೆ ಎರಡೂ ಕಡೆ ಒಂದೇ ರೂಪ ಕಾಣುವುದು. ಸೆರಗಿನಲ್ಲಿ ಗೋಪುರ, ತುಳಸಿಕಟ್ಟೆ, ಆನೆ, ಪಲ್ಲಕ್ಕಿಗಳ ಒಂದು ಸಾಲು ಸಾಕು; ಸಾಧಾರಣ ಸೀರೆಯೂ ಸಭೆಯಲ್ಲಿ ಮಾನ್ಯವಾಗುವುದು. ಸೆರಗಿನ ಕುಚ್ಚು ಹಾಕುವ ಹೆಂಗಸರು ಈಗ ಪ್ರತಿ ಬಡಾವಣೆಯಲ್ಲಿಯೂ ಇದ್ದಾರೆ. ಆ ಕೂಲಿಯು ಮತ್ತೊಂದು ಸಂಸಾರದ ಒಲೆಗೆ ಸಲ್ಲುವುದಾದ್ದರಿಂದ ಅಲ್ಲಿ ಚೌಕಾಶಿ ಮಾಡಬಾರದೆಂದು ನಮ್ಮ ಅಭಿಪ್ರಾಯ.

ಕರಾವಳಿಯವರಿಗೆ ಉಡುಪಿ ಸೀರೆಯುಂಟು. ಅಳಿದೇಹೋಗುವಂತಿದ್ದ ಈ ತೆಳುವಾದ ಹತ್ತಿಯ ನೇಯ್ಗೆಯನ್ನು ಕಿನ್ನಿಗೋಳಿಯ ಬಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘವು ಉಳಿಸಿಕೊಂಡು ಬಂದಿದೆ. ಸೆಕೆಯ ನಾಡಿಗೆ ಇದಕ್ಕಿಂತ ಹಿತವಾದ ಉಡುಗೆಯಿಲ್ಲ. ೧೯೧೨ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಕಾರ್ಖಾನೆಯ ಮೈಸೂರು ರೇಷ್ಮೆ ಎಲ್ಲರಿಗೂ ಪ್ರಿಯವೇ. ಆದರೆ ಅಪ್ಪಟ ರೇಷ್ಮೆಯೂ ಚಿನ್ನದ ಜರಿಯೂ ಸೇರಿದ ಅದು ನಮ್ಮ ಅಗ್ಗದ ಪಟ್ಟಿಗೆ ಸೇರದು. ಆಯುಷ್ಯಕ್ಕೊಂದು ಕೊಳ್ಳುವವರು ಕೊಳ್ಳಲಿ.

ಇವೆಲ್ಲಕ್ಕೂ ಮುಂಚೆ ಮನೆಯ ಪೆಟ್ಟಿಗೆಯನ್ನು ತೆರೆದು ನೋಡಬೇಕೆಂಬುದನ್ನು ಹೇಳಲು ಮರೆಯಬಾರದು. ಹಳೆಯ ಜರಿಸೀರೆ ಕೊಳ್ಳುತ್ತೇವೆಂದು ಬೀದಿಯಲ್ಲಿ ಕೂಗುತ್ತ ಬರುವವರು ಸುಮ್ಮನೆ ಬರುವುದಿಲ್ಲ; ಹಿಂದಿನ ಜರಿಯಲ್ಲಿ ಬೆಳ್ಳಿಯುಂಟು. ಮೈ ಹಣ್ಣಾದ ಸೀರೆಯ ದಡಿಯನ್ನೂ ಸೆರಗನ್ನೂ ಬಿಡಿಸಿ ಹೊಸ ರೇಷ್ಮೆಗೆ ಹೊಲಿಸಬಹುದು. ಲಂಗ ದಾವಣಿ ಮಾಡಿಸಬಹುದು. ಮಡಿಕೆಗಳಲ್ಲಿ ಬಟ್ಟೆ ಬಿರಿಯುತ್ತಿದ್ದರೆ ಮಾತ್ರ ಕತ್ತರಿಗೆ ಕೊಡದೆ ಹಾಗೆಯೇ ಇಡುವುದು ಲೇಸು. ಒಂದು ದಿನಕ್ಕೆಂದೇ ಬೇಕಾದ ಭಾರಿ ಲೆಹೆಂಗಾವನ್ನು ಬಾಡಿಗೆಗೆ ತರುವುದರಲ್ಲಿ ಅವಮಾನವೇನೂ ಇಲ್ಲ. ಶಾಮಿಯಾನವನ್ನೂ ಪಾತ್ರೆಗಳನ್ನೂ ಬಾಡಿಗೆಗೆ ತಂದವರು ಉಡುಪಿನಲ್ಲಿ ಮಾತ್ರ ಏಕೆ ಸಂಕೋಚಪಡಬೇಕು?

ಕೊಳ್ಳುವಾಗ ರೇಷ್ಮೆಯೆಂದು ಹೇಳಿದ ಮಾತ್ರಕ್ಕೆ ನಂಬದೆ, ೨೦೦೪ರಿಂದ ಬಂದಿರುವ ಸಿಲ್ಕ್ ಮಾರ್ಕ್ ಚೀಟಿಯನ್ನೂ, ಕೈಮಗ್ಗದ್ದಾದರೆ ೨೦೦೬ರಲ್ಲಿ ಆರಂಭವಾದ ಹ್ಯಾಂಡ್‌ಲೂಮ್ ಮಾರ್ಕನ್ನೂ ನೋಡಬೇಕು. ಚೀಟಿಯಿಲ್ಲದಿದ್ದರೆ ಅಂಚಿನಿಂದ ಹಾಸಿನ ಎಳೆಯೊಂದನ್ನೂ ಹೊಕ್ಕಿನ ಎಳೆಯೊಂದನ್ನೂ ಬೇರೆಬೇರೆಯಾಗಿ ಎಳೆದು ಸುಟ್ಟು ನೋಡಿರಿ. ರೇಷ್ಮೆ ಕೂದಲು ಸುಟ್ಟಂತೆ ನಾರುವುದು, ಬೂದಿ ಬೆರಳಿಗೆ ಪುಡಿಯಾಗುವುದು. ಹತ್ತಿಯೂ ಕೃತಕ ರೇಷ್ಮೆಯೂ ಕಾಗದದಂತೆ ಉರಿಯುವುವು. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗಿ ನಿಲ್ಲುವುದು. ಎರಡು ಎಳೆಗಳಲ್ಲಿ ಒಂದನ್ನು ಮಾತ್ರ ಪರೀಕ್ಷಿಸಿದರೆ ಬೆರಕೆಯ ಬಟ್ಟೆಯಲ್ಲಿ ಮೋಸ ಹೋಗುವ ಸಂಭವವುಂಟು.

ಮನೆಗೆ ತಂದ ಇಳಕಲ್ ಸೀರೆಯನ್ನು ಮೊದಲ ಸಲ ಮಿಕ್ಕ ಬಟ್ಟೆಗಳೊಡನೆ ನೆನಸಬಾರದು. ಸೆರಗಿನ ಕೆಂಪು ಬಿಡಬಹುದು. ಹತ್ತಿಯದಾದರೆ ತಣ್ಣೀರಿನಲ್ಲಿ ಬೇರೆಯಾಗಿ, ಬೇಗನೆ ಒಗೆದು, ಹಿಂಡದೆ ನೆರಳಿನಲ್ಲಿ ಹರವಬೇಕು. ಜರಿಯಿರುವ ರೇಷ್ಮೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಡಬೇಕೇ ಹೊರತು ಪ್ಲಾಸ್ಟಿಕ್ ಚೀಲದಲ್ಲಿ ಅಲ್ಲ. ನುಸಿಗುಳಿಗೆ ಜರಿಗೆ ತಾಕದಂತಿರಲಿ. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ಮಡಿಕೆಯನ್ನು ಬದಲಾಯಿಸಿದರೆ ಬಹುಕಾಲ ಬಾಳುವುದು.