ಹಠಮಾರಿ ಅಲ್ಲ, ಇರಬಹುದು ಬೇರೇನೋ: ಬಸಿರಲ್ಲಿ ಮದ್ಯ ಮತ್ತು ಅಂಗನವಾಡಿ ಅಕ್ಕೋರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕಿನ ಯಾವುದಾದರೂ ಊರಿನ ಅಂಗನವಾಡಿಯನ್ನು ಒಂದ್ಸಲ ಕಣ್ಮುಂದೆ ತಂದುಕೊಳ್ಳಿ.

ಅಲ್ಲೊಬ್ಬ ನಾಲ್ಕು ವರ್ಷದ ಹುಡುಗ ಇದ್ದಾನೆ ಅಂತ ಅಂದ್ಕೊಳ್ಳೋಣ. ನಿನ್ನೆ ಕಲಿತ ಬಣ್ಣದ ಹೆಸರು ಇವತ್ತು ನೆನಪಿಲ್ಲ. ‘ಚೀಲ ಇಡು, ಕೈ ತೊಳಿ, ಬಂದು ಕೂಡು’ ಅಂದ್ರೆ ಚೀಲ ಇಟ್ಟು ಸುಮ್ಮನೆ ನಿಂತುಬಿಡ್ತಾನೆ. ಗದ್ದಲ ಜಾಸ್ತಿಯಾದ್ರೆ ಚೀರ್ತಾನೆ. ‘ಭಾಳ ಹಠಮಾರಿ ಅದಾನ’ ಅಂತ ಎಲ್ಲರೂ ಹೇಳಿ ಮುಗಿಸ್ತಾರೆ. ಆದರೆ ಹೇಳಿದ್ದನ್ನು ಹಿಡಿದಿಟ್ಟುಕೊಳ್ಳೋದು ಅವನ ಮಿದುಳಿಗೇ ಕಷ್ಟವಾಗಿದ್ರೆ? ಅದಕ್ಕೆ ಕಾರಣ ಹಲವಿರಬಹುದು. ಅದರಲ್ಲಿ ನಾವು ಕೇಳೋಕೇ ಹಿಂಜರಿಯೋ ಒಂದು ಕಾರಣ, ಬಸಿರಿನಲ್ಲಿ ತಾಯಿ ಸೇವಿಸಿದ ಮದ್ಯ.

ಏನಾಗುತ್ತೆ?

ತಾಯಿಯ ರಕ್ತದಲ್ಲಿರೋ ಮದ್ಯ ಮಾಸಿನ ಮೂಲಕ ಮಗುವಿಗೂ ಹೋಗುತ್ತೆ. ಅದನ್ನು ಅರಗಿಸೋ ಶಕ್ತಿ ಮಗುವಿನ ಪುಟ್ಟ ಯಕೃತ್ತಿಗೆ ಇರಲ್ಲ. ಮಿದುಳು ಒಂಬತ್ತೂ ತಿಂಗಳು ಬೆಳೀತಾನೇ ಇರುತ್ತೆ. ಹಾಗಾಗಿ ‘ಇಷ್ಟು ಕುಡಿದ್ರೆ ಪರವಾಗಿಲ್ಲ’ ಅನ್ನೋ ಅಳತೆಯೂ ಇಲ್ಲ, ‘ಈ ತಿಂಗಳಲ್ಲಿ ನಡೀತದ’ ಅನ್ನೋ ಲೆಕ್ಕವೂ ಇಲ್ಲ. 1973ರಲ್ಲಿ ಅಮೆರಿಕದ ವೈದ್ಯರಾದ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಇದಕ್ಕೆ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಅಂತ ಹೆಸರಿಟ್ಟರು.

ಮುಖ ನೋಡಿದ್ರೆ ಗೊತ್ತಾಗುತ್ತಾ?

ಕೆಲವು ಮಕ್ಕಳಲ್ಲಿ ಮಾತ್ರ. ತೆಳುವಾದ ಮೇಲ್ತುಟಿ, ಮೂಗು-ತುಟಿ ನಡುವಿನ ಗೆರೆ ಅಳಿಸಿದಂತಿರೋದು, ಚಿಕ್ಕ ಕಣ್ಣು ಕಾಣಿಸಬಹುದು. ಬಹುಪಾಲು ಮಕ್ಕಳಲ್ಲಿ ಇದ್ಯಾವುದೂ ಇರಲ್ಲ. ಮರೆವು, ನಿಲ್ಲದ ಗಮನ, ತಡವಾದ ಮಾತು, ಇವಷ್ಟೇ ಸುಳಿವು. ಇವೇ ಲಕ್ಷಣಗಳು ಕಿವಿ ಕೇಳಿಸದ ಮಗುವಿನಲ್ಲೋ, ಅಪೌಷ್ಟಿಕತೆ ಇರೋ ಮಗುವಿನಲ್ಲೋ ಕಾಣಬಹುದು. ಆದ್ದರಿಂದ ಕಾಯಿಲೆ ಇದೇ ಅಂತ ತೀರ್ಮಾನಿಸೋದು ಅಕ್ಕೋರ ಕೆಲಸವಲ್ಲ. ಗಮನಿಸಿ ಮುಂದಕ್ಕೆ ಕಳಿಸೋದು ಅವರ ಕೆಲಸ.

ಎಲ್ಲಿಗೆ ಕಳಿಸೋದು?

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನಿಯಮದಂತೆ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅವರು ತಪಾಸಣೆ ಮಾಡೋ ತೊಂದರೆಗಳ ಪಟ್ಟಿಯಲ್ಲಿ ಈ ಸಿಂಡ್ರೋಮ್‌ನ ಹೆಸರಿಲ್ಲ. ಆದರೆ ಮಾತು ತಡ, ಬುದ್ಧಿ ಬೆಳವಣಿಗೆ ತಡ, ಗಮನದ ಕೊರತೆ ಇವೆ. ಆ ಬಾಗಿಲಿನಿಂದಲೇ ಮಗು ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಹೋಗಬಹುದು. ತಂಡ ಬಂದ ದಿನ ಮಗು ಸುಮ್ಮನೆ ಕೂತಿದ್ರೆ ಅವರಿಗೇನೂ ಗೊತ್ತಾಗಲ್ಲ. ದಿನಾ ನೋಡೋ ಅಕ್ಕೋರು ನಾಲ್ಕು ಸಾಲು ಬರೆದಿಟ್ಟಿದ್ರೆ ಅದೇ ದೊಡ್ಡ ಸಹಾಯ.

ತಾಯಿಯನ್ನು ಕೇಳೋದು ಹೇಗೆ?

ಇಲ್ಲೇ ಎಲ್ಲ ಕೆಡೋದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಮದ್ಯ ಸೇವಿಸೋ ಮಹಿಳೆಯರು ನೂರಕ್ಕೆ ಒಬ್ಬರ ಆಸುಪಾಸು. ಊರಲ್ಲಿ ಒಬ್ಬಾಕೆ ಅಂದ್ರೆ ಸಾಕು, ಊರೆಲ್ಲಾ ಮಾತಾಡುತ್ತೆ. ಬಸುರಿ ಅಂತ ಗೊತ್ತಾಗೋ ಮೊದಲೇ ಆಕೆ ಕುಡಿದಿರಬಹುದು. ಹಾಗಾಗಿ ನಾಲ್ಕು ಜನರೆದುರು ಕೇಳಬಾರದು, ಬೈಯಬಾರದು. ತಂದೆ ಕುಡೀತಾನೆ ಅಂದ ಮಾತ್ರಕ್ಕೆ ಮಗುವಿಗೆ ಈ ಸಿಂಡ್ರೋಮ್ ಇದೆ ಅಂತಲೂ ಅಲ್ಲ. ಬಿಡೋಕೆ ನೆರವು ಬೇಕಾದವರು ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು, ಉಚಿತ.

ಇದು ಪೂರ್ತಿ ವಾಸಿಯಾಗಲ್ಲ. ಆದರೆ ಬೇಗ ಗುರುತಿಸಿದ್ರೆ ಮಗುವಿನ ದಾರಿ ಸುಲಭವಾಗುತ್ತೆ. ಒಂದು ಸಲಕ್ಕೆ ಒಂದೇ ಮಾತು, ಚಿತ್ರ ತೋರಿಸಿ ಹೇಳೋದು, ದಿನಾ ಅದೇ ಕ್ರಮ, ಗದ್ದಲವಿಲ್ಲದ ಮೂಲೆ. ಇದಕ್ಕೆ ಖರ್ಚೇನಿಲ್ಲ.

ನಿಮ್ಮ ಅಕ್ಕನೋ ಅತ್ತಿಗೆಯೋ ಅಂಗನವಾಡಿಯಲ್ಲಿ ಕೆಲಸ ಮಾಡ್ತಿದ್ರೆ ಈ ಕಂತನ್ನು ಅವರ ವಾಟ್ಸ್ಆ್ಯಪ್‌ಗೆ ಕಳಿಸಿ. ‘ಹಠಮಾರಿ’ ಅನ್ನೋ ಮೊದಲು ಒಂದ್ಸಲ ಯೋಚಿಸಿದ್ರೂ ಸಾಕು, ಆ ಹುಡುಗನ ಪಾಲಿಗೆ ಅದು ದೊಡ್ಡದು.