ರಾತ್ರಿ ನಾಯಿ ಎಲ್ಲಿ ಮಲಗುತ್ತೆ?

ಹೋಂಸ್ಟೇಗೆ ಫೋನು ಮಾಡಿದಾಗ ಬಾಡಿಗೆ ಎಷ್ಟು, ಊಟಕ್ಕೇನು ಎಂದು ವಿಚಾರಿಸುವ ಮೊದಲೇ ನಾನು ಕೇಳುವುದು ಇದನ್ನು: ‘ರಾತ್ರಿ ನಾಯಿ ಎಲ್ಲಿ ಮಲಗುತ್ತೆ?’ ‘ನಿಮ್ಮ ರೂಮಲ್ಲೇ ಮಲಗಿಸ್ಕೊಳ್ಳಿ ಮೇಡಂ, ನಮ್ದೇನೂ ಅಭ್ಯಂತರ ಇಲ್ಲ’ ಎಂದರೆ ಮಾತು ಮುಂದುವರಿಯುತ್ತದೆ. ‘ಹಿಂದ್ಗಡೆ ಶೆಡ್ ಇದೆ, ಅಲ್ಲಿ ಕಟ್ಬಹುದು’ ಎಂದರೆ ಧನ್ಯವಾದ ಹೇಳಿ ಫೋನು ಇಡುತ್ತೇನೆ. ಬುಕಿಂಗ್ ಆ್ಯಪಿನಲ್ಲಿ ಈ ಎರಡೂ ಮನೆಗಳ ಹೆಸರಿನ ಪಕ್ಕ ‘ಪೆಟ್ ಫ್ರೆಂಡ್ಲಿ’ ಎಂದೇ ಇರುತ್ತದೆ. ನಾಯಿಯನ್ನು ಒಳಗೆ ಬಿಡುವ ಜಾಗ ಬೇರೆ, ನಾಯಿಗೆ ಒಗ್ಗುವ ಜಾಗ ಬೇರೆ. ಅದು ತಿಳಿಯುವುದು ಹೀಗೆ ಮಾತಾಡಿದಾಗ ಮಾತ್ರ.

ನಮ್ಮ ಮನೆ ಹಾಸನದಲ್ಲಿ. ಕೆಂಪಿ ನಮ್ಮ ರಸ್ತೆಯಲ್ಲೇ ಹುಟ್ಟಿದ ನಾಡನಾಯಿ, ಈಗ ಕಾರಿನ ಹಿಂದಿನ ಸೀಟು ಪೂರ್ತಿ ಅವಳದು. ಅವಳನ್ನು ಶೆಡ್ಡಿನಲ್ಲಿ ಕಟ್ಟಲು ಒಪ್ಪದಿರುವುದು ಬರೀ ಮುದ್ದಿನಿಂದಲ್ಲ. ಸಕಲೇಶಪುರ, ಮೂಡಿಗೆರೆ, ಕೊಡಗಿನ ತೋಟಗಳಲ್ಲಿ ಚಿರತೆಯ ಓಡಾಟವಿದೆ. ಕಟ್ಟಿಹಾಕಿದ ನಾಯಿಗೆ ಓಡುವ ದಾರಿಯೂ ಇಲ್ಲ. ಮಲೆನಾಡಿನವರು ತಮ್ಮ ನಾಯಿಗಳ ಕೊರಳಿಗೆ ಮೊಳೆ ಹೊಡೆದ ಪಟ್ಟಿ ಹಾಕುತ್ತಿದ್ದುದು ಚಿರತೆಯ ಭಯಕ್ಕೇ. ಕತ್ತಲಾದ ಮೇಲೆ ಕೆಂಪಿಯನ್ನು ಹೊರಗೆ ಕರೆದೊಯ್ಯುವುದಾದರೆ ಟಾರ್ಚು, ಹಗ್ಗ, ಜೊತೆಗೊಬ್ಬರು ಇರಲೇಬೇಕು.

‘ತೋಟ ದೊಡ್ಡದಿದೆ, ಆರಾಮಾಗಿ ಬಿಡಿ, ಓಡಾಡ್ಕೊಂಡಿರ್ಲಿ’ ಎಂದು ಮಾಲೀಕರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ನಾನು ಬಿಡುವುದಿಲ್ಲ. ಬೇಲಿಯಂಚಿನಲ್ಲಿ ಕಾಡುಹಂದಿಗೆಂದು ಯಾರೋ ಉರುಳು ಹಾಕಿರಬಹುದು. ಅದಕ್ಕಿಂತ ಘೋರವಾದದ್ದು ತಿನಿಸಿನೊಳಗೆ ಸಿಡಿಮದ್ದು ತುಂಬಿ ಇಡುವುದು. ಎರಡೂ ಕಾನೂನುಬಾಹಿರ. ಆದರೆ ವಾಸನೆ ಹಿಡಿದು ಹೋಗಿ ಬಾಯಿ ಹಾಕುವ ನಾಯಿಗೆ ಕಾನೂನು ಒದಗುವುದಿಲ್ಲ. ಹಾಗಾಗಿ ಉದ್ದನೆಯ ಹಗ್ಗ ಒಂದನ್ನು ಸದಾ ಕಾರಿನಲ್ಲಿ ಇಟ್ಟಿರುತ್ತೇನೆ. ಮನೆಗೆ ನಾಲ್ಕು ಕಡೆ ಬೇಲಿಯಿರುವ ಅಂಗಳವಿದೆಯೇ ಎಂದು ಕೇಳಿಕೊಳ್ಳುತ್ತೇನೆ. ಇಡೀ ತೋಟಕ್ಕಿಂತ ಆ ಅಂಗಳ ನನಗೆ ಹೆಚ್ಚು.

ಮನೆಯಲ್ಲಿ ಅವರದೇ ನಾಯಿಗಳಿವೆಯೇ, ಕೋಳಿ ಬಿಟ್ಟಿರುತ್ತಾರೆಯೇ ಎನ್ನುವುದನ್ನೂ ವಿಚಾರಿಸಬೇಕು. ಗೇಟಿನೊಳಗೆ ಕಾರು ನಿಲ್ಲಿಸಿ ಬಾಗಿಲು ತೆಗೆದರೆ ಆ ಮನೆಯ ನಾಯಿಗೆ ಅದು ದಾಳಿಯಂತೆ ಕಾಣುತ್ತದೆ. ಗೇಟಿನ ಹೊರಗೆ, ರಸ್ತೆಯಲ್ಲಿ, ಎರಡನ್ನೂ ಒಂದೇ ದಿಕ್ಕಿಗೆ ಸ್ವಲ್ಪ ದೂರ ನಡೆಸಿದರೆ ಅವು ಮೂಸಿ ನೋಡಿ ಸಮಾಧಾನವಾಗುತ್ತವೆ. ಆಮೇಲೆ ಒಳಗೆ ಹೋಗಬಹುದು.

‘ಯಾವ ಜಾತಿ ನಾಯಿ?’ ಎನ್ನುವ ಪ್ರಶ್ನೆಯಂತೂ ಬಂದೇ ಬರುತ್ತದೆ. ನಾಡನಾಯಿ ಎಂದೊಡನೆ ದನಿ ಬದಲಾಗುವುದನ್ನು ಕೇಳಿದ್ದೇನೆ. ಇದು ನನಗೆ ನೋವು ಕೊಡುವ ವಿಷಯ. ಕಚ್ಚೀತೇ, ಹಾಸಿಗೆ ಹಾಳುಮಾಡೀತೇ ಎನ್ನುವುದು ಅವರ ನಿಜವಾದ ಆತಂಕ, ತಳಿ ಅದಕ್ಕೆ ಉತ್ತರವಲ್ಲ. ಆ ವರ್ಷದ ರೇಬಿಸ್ ಲಸಿಕೆ ನಮೂದಾಗಿರುವ ಪುಸ್ತಕದ ಫೋಟೋ ವಾಟ್ಸ್ಆ್ಯಪಿನಲ್ಲಿ ಕಳಿಸುತ್ತೇನೆ. ಅವಳ ಚಾದರ, ತಟ್ಟೆ, ಅನ್ನ ಎಲ್ಲ ನಾವೇ ತರುತ್ತೇವೆ, ರೂಮಿನಲ್ಲಿ ಒಂಟಿಯಾಗಿ ಬಿಟ್ಟು ಹೋಗುವುದಿಲ್ಲ ಎನ್ನುತ್ತೇನೆ. ಬಹುಪಾಲು ಜನ ಒಪ್ಪುತ್ತಾರೆ.

ಕೆಲವು ಕಡೆ ನಾಯಿಗೆ ಪ್ರವೇಶವಿಲ್ಲ. ಅದು ಸರಿಯೂ ಹೌದು. ಬಂಡೀಪುರ, ನಾಗರಹೊಳೆ, ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನಗಳಿಗೆ ಸಾಕುನಾಯಿಯನ್ನು ಒಯ್ಯುವಂತಿಲ್ಲ. ನಾಯಿ ಬೊಗಳುತ್ತದೆ, ಬೆನ್ನಟ್ಟುತ್ತದೆ ಎನ್ನುವುದಷ್ಟೇ ಕಾರಣವಲ್ಲ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಸ್ ರೋಗ ಕಾಡುಪ್ರಾಣಿಗಳಿಗೂ ಹಬ್ಬುತ್ತದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಸಿಂಹಗಳು ಸತ್ತದ್ದು ಇದರಿಂದ. 2018ರಲ್ಲಿ ಗುಜರಾತಿನ ಗೀರ್ ಕಾಡಿನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಈ ವೈರಸ್ ಪತ್ತೆಯಾಯಿತು. ನಮ್ಮ ಕಾಡಿನ ಸೀಳುನಾಯಿಗಳು ನಾಯಿಯದೇ ಬಳಗ, ಅವಕ್ಕೆ ಅಪಾಯ ಇನ್ನೂ ಹತ್ತಿರ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆ ಬಂಡೀಪುರದ ಒಳಗೇ ಹಾದುಹೋಗುತ್ತದೆ. ನಾಯಿಯ ಮಲಮೂತ್ರ ಗುಂಡ್ಲುಪೇಟೆಯಲ್ಲೇ ಮುಗಿಯಬೇಕು, ಕಾಡಿನ ನಡುವೆ ಕಾರು ನಿಲ್ಲಿಸಕೂಡದು.

ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳೂ ಹಾಗೆಯೇ. ಪ್ರಾಣಿಗಳನ್ನು ಒಳಗೆ ತರಬಾರದೆಂಬ ನಿಯಮ 1959ರಿಂದ ಇದೆ. ಬೇಲೂರು, ಹಳೇಬೀಡಿಗೆ ಹೋದರೆ ನಾನು ಒಳಗಿರುವಾಗ ನಮ್ಮ ಯಜಮಾನರು ಹೊರಗೆ ಮರದ ನೆರಳಲ್ಲಿ ಕೆಂಪಿಯ ಜೊತೆ ಕೂರುತ್ತಾರೆ, ಆಮೇಲೆ ಸರದಿ ಬದಲು. ಕಾರಿನಲ್ಲಿ ಬಿಟ್ಟು ಹೋಗುವ ಮಾತೇ ಇಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು. ಹೊರಗೆ 30 ಡಿಗ್ರಿ ಇದ್ದರೆ ನಿಂತ ಕಾರಿನೊಳಗೆ ಅರ್ಧ ಗಂಟೆಯಲ್ಲಿ 45ರ ಹತ್ತಿರ ಹೋಗುತ್ತದೆ, ಗಾಜು ಸ್ವಲ್ಪ ಇಳಿಸಿಟ್ಟರೂ ಹೆಚ್ಚೇನೂ ವ್ಯತ್ಯಾಸವಿಲ್ಲ. ಪಗ್, ಶಿಟ್ಜುವಿನಂಥ ಚಪ್ಪಟೆ ಮೂತಿಯವುಗಳಿಗಂತೂ ಅಷ್ಟು ಹೊತ್ತೂ ಬೇಕಾಗಿಲ್ಲ.

ಕೆಂಪಿಗೆ ಎಲ್ಲಕ್ಕಿಂತ ಇಷ್ಟ ಕಡಲು. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಬೀಚುಗಳು. ಆ ಮಾನ್ಯತೆಯ ನಿಯಮದಲ್ಲೇ ನಾಯಿಗಳ ಮೇಲೆ ಕಟ್ಟುನಿಟ್ಟಿನ ನಿಯಂತ್ರಣವಿದೆ, ಆದ್ದರಿಂದ ಅವನ್ನು ಬಿಟ್ಟುಬಿಡುತ್ತೇವೆ. ಕಾಪು, ಮರವಂತೆಗೆ ಬೆಳಕು ಹರಿಯುವ ಹೊತ್ತಿಗೆ ಹೋದರೆ ಮರಳು ತಣ್ಣಗಿರುತ್ತದೆ, ಜನವೂ ಕಡಿಮೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಖುಷಿಯಲ್ಲಿ ಓಡುವ ನಾಯಿಗೆ ಲಾರಿ ಕಾಣುವುದಿಲ್ಲ, ಹಾಗಾಗಿ ಅಲ್ಲಿ ಹಗ್ಗ ಬಿಚ್ಚುವುದೇ ಇಲ್ಲ. ಚಳಿಗಾಲದಲ್ಲಿ ಕರಾವಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ನಾಯಿ ಮರಳು ಕೆದಕಿದರೆ ಗೂಡೇ ಹೋಯಿತು. ಅಲ್ಲೇ ಇರುವ ಮೀನುಗಾರರನ್ನು ಕೇಳಿದರೆ ಯಾವ ಕಡೆ ಹೋಗಬಾರದೆಂದು ಹೇಳುತ್ತಾರೆ.

ಕಾರು ಇಲ್ಲದವರಿಗೆ ದಾರಿ ಇಲ್ಲವೆಂದಲ್ಲ. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ನಾಯಿಗೆ ಅರ್ಧ ಟಿಕೆಟ್ ಎಂದು 2022ರಲ್ಲಿ ನಿಯಮ ಬದಲಾಯಿತು, ರಾಜಹಂಸ, ಎಸಿ, ಸ್ಲೀಪರುಗಳಲ್ಲಿ ಮಾತ್ರ ಬಿಡುವುದಿಲ್ಲ. ರೈಲಿನಲ್ಲಾದರೆ ಫಸ್ಟ್ ಕ್ಲಾಸಿನ ಪೂರ್ತಿ ಕೂಪೆ ನಿಮ್ಮದಾಗಿರಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯಲ್ಲಿರುವ ನಾಯಿ ಪೆಟ್ಟಿಗೆಯೇ ಗತಿ. ಆ ಕತ್ತಲೆ ಪೆಟ್ಟಿಗೆಯಲ್ಲಿ, ಆ ಸದ್ದಿನಲ್ಲಿ ಕೆಂಪಿಯನ್ನು ಕೂರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದರ ಬದಲು ಹತ್ತಿರದ ಊರಿಗೆ ಬಸ್ಸಿನಲ್ಲಿ ಹೋಗಿಬರುವುದೇ ಮೇಲು.

ಮಲೆನಾಡಿನಿಂದ ವಾಪಸಾದ ದಿನ ಕೆಂಪಿಯನ್ನು ಮನೆಯೊಳಗೆ ಬಿಡುವ ಮೊದಲು ಅಂಗಳದಲ್ಲೇ ಮೈ ತಡವಿ ನೋಡುತ್ತೇವೆ. ಇಂಬಳ ರಕ್ತ ಕುಡಿದು ತಾನೇ ಉದುರುತ್ತದೆ, ಅದರ ಚಿಂತೆಯಿಲ್ಲ. ಉಣುಗಿನ ಮಾತು ಬೇರೆ. ಅದು ನಾಯಿಗೆ ಉಣ್ಣೆಜ್ವರ ತರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದೂ ಉಣುಗಿನಿಂದಲೇ. ಡಿಸೆಂಬರಿನಿಂದ ಮೇವರೆಗೆ ಅದರ ಕಾಟ ಜೋರು, ಆ ಕಾಯಿಲೆ ಕಾಣಿಸಿಕೊಂಡ ಊರಿನ ಕಾಡಿಗೆ ಆಗ ನಾಯಿಯೊಡನೆ ಕಾಲಿಡುವುದಿಲ್ಲ. ಹೊರಡುವ ಮೊದಲೇ ಪಶುವೈದ್ಯರಿಂದ ಉಣ್ಣೆ ನಿರೋಧಕ ಮಾತ್ರೆ ಕೊಡಿಸಿರುತ್ತೇವೆ. ಕಿವಿಯ ಒಳಮಡಿಕೆ, ಕಂಕುಳು, ಬೆರಳ ಸಂದು, ಬಾಲದ ಬುಡ ನೋಡಿ, ಸಿಕ್ಕಿದ್ದನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆದು ಸ್ಪಿರಿಟ್ಟಿಗೆ ಹಾಕುತ್ತೇವೆ. ಉಗುರಿನಲ್ಲಿ ಹಿಸುಕುವುದಿಲ್ಲ.